ಅಳಿಸಿದ ಕೆಮ್ಮು

ಗುಂಡಣ್ಣಾ, ಪುಟ್ಟವ್ವಾ,

ಶಾಲೆಯ ಹಾಜರಿಯಲ್ಲಿರುವ ನಿಮ್ಮ ಹೆಸರುಗಳು ನನ್ನ ಬಾಯಿಗೆ ಇನ್ನೂ ಹೊಂದಿಕೊಂಡಿಲ್ಲ. ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದು ಬರೆಯುತ್ತಿದ್ದೇನೆ. ಇದನ್ನು ಎದುರಿಗೆ ಕುಳಿತು ಹೇಳಬೇಕೆಂದು ಎರಡು ಸಲ ಹಾವೇರಿಗೆ ಬಂದೆ. ಎರಡು ಸಲವೂ ನಿಮ್ಮ ಅವ್ವ ಚಹಾ ಕೊಟ್ಟಳು, ನೀವು ಪರೀಕ್ಷೆಗೆ ಓದುತ್ತಿದ್ದಿರಿ, ನಾನು ಚಹಾ ಕುಡಿದು ಎದ್ದು ಬ್ಯಾಡಗಿ ಬಸ್ಸು ಹಿಡಿದೆ. ಬಾಯಿ ತೆರೆದು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಕುಪ್ಪೇಲೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಅಷ್ಟು ವರ್ಷವೂ ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಬರೆಯಲು ಹೇಳಿದರೆ ಮಾತ್ರ ಬರೆಯುತ್ತಿದ್ದೆ.

ಮೊದಲು ಗುಂಡಣ್ಣನಿಗೆ ಒಂದು ಮಾತು. ನಿಮ್ಮ ಅಜ್ಜನ ಕಂಪ್ಯೂಟರ್ ಕೆಟ್ಟದ್ದು ನಿನ್ನಿಂದಲ್ಲ, ನನ್ನಿಂದ. ಒಂದು ವರ್ಷದಿಂದ ನೀನು ನಮ್ಮ ಮನೆಗೆ ಬಂದಾಗಲೆಲ್ಲ ಮುಂದಿನ ಕೋಣೆಯ ಹೊಸ್ತಿಲು ದಾಟದೆ ಹೊರಗೇ ನಿಲ್ಲುತ್ತೀ. ನಾನು ನೋಡಿದ್ದೇನೆ. ನೋಡಿಯೂ ಸುಮ್ಮನಿದ್ದೆ.

ಆ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದು ನಿಮಗೆ ಪೂರ್ತಿ ಗೊತ್ತಿಲ್ಲ. ಅಜ್ಜನ ದನಿ ಇತ್ತು ಎಂದಷ್ಟೇ ಗೊತ್ತು. ಅದು ಯಾಕೆ ಅಲ್ಲಿ ಬಂದು ಸೇರಿತು ಎಂದು ಹೇಳುತ್ತೇನೆ.

ಮುಂದಿನ ಕೋಣೆ ಅವರ ಅಂಗಡಿಯಾಗಿತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ಪತ್ರಿಕೆ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚಿಗೆ ಕಳಿಸುತ್ತಿದ್ದರು. ಜನ ಚೀಟಿಯಲ್ಲಿ ಬರೆದು ತಂದದ್ದನ್ನು ಅವರು ಟೈಪು ಮಾಡುವರು. ತಪ್ಪು ಹುಡುಕುವ ಕೆಲಸ ನನ್ನದು. ಗಿರಾಕಿಗಳ ಎದುರಿಗೆ ಕೂಡಲು ನನಗೆ ನಾಚಿಕೆ. ಅದಕ್ಕೆ ಚೀಟಿ ಅಡುಗೆಮನೆಗೆ ಬರುತ್ತಿತ್ತು. ಅವರು ಪರದೆಯ ಮೇಲಿದ್ದದ್ದನ್ನು ಗೋಡೆಯಾಚೆಯಿಂದ ಗಟ್ಟಿಯಾಗಿ ಓದುವರು, ನಾನು ಒಲೆಯ ಮುಂದೆ ಕುಳಿತು ಚೀಟಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಿದ್ದೆ.

ಒಂದು ದಿನ ತಾಯಿಯ ಪತ್ರಿಕೆ ಮಾಡಿಸಲು ಬಂದವರೊಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ಇವರು ಆ ತಾಯಿ ಲಿಂಗೈಕ್ಯರಾದ ಸುದ್ದಿಯನ್ನು ನನಗೆ ಕೇಳಲೆಂದು ಕೂಗಿ ಓದಿದರು. ಆ ಮನುಷ್ಯ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು. ಆವತ್ತಿಗೆ ಕೂಗುವುದು ನಿಂತಿತು. ಅಜ್ಜ ಒಂದು ಮೈಕು ತಂದರು. ಗೋಡೆಗೆ ತೂತು ಕೊರೆದು ವೈರು ಎಳೆದು, ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಒಂದು ಸ್ಪೀಕರು ಇಟ್ಟರು. ಗಿರಾಕಿ ಎದ್ದು ಹೋದ ಮೇಲೆ ಮೆಲುದನಿಯಲ್ಲಿ ಓದಿ ಕಂಪ್ಯೂಟರಿಗೆ ತುಂಬುವರು, ನನಗೆ ಕೈ ಬಿಡುವಾದಾಗ ಹಚ್ಚುವರು. ಓದುವಾಗ ಎಡವಿದರೆ, ಓಣಿಯಲ್ಲಿ ಟ್ರ್ಯಾಕ್ಟರು ಹಾದುಹೋದರೆ, ಅದನ್ನು ಅಳಿಸಿ ಮತ್ತೊಮ್ಮೆ ಓದುತ್ತಿದ್ದರು. ನನ್ನ ಕಿವಿಗೆ ಬೀಳುತ್ತಿದ್ದುದು ಶುದ್ಧವಾದ ಓದು. ಹತ್ತು ವರ್ಷ ಹೀಗೆ ನಡೆಯಿತು.

ಅವರು ಹೋದ ಮೇಲೆ ನಾನು ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಹಂಚು ಇಳಿಸಿ, ದಿನಕ್ಕೆ ಒಂದರಂತೆ ಕೇಳುತ್ತಿದ್ದೆ. ಹಚ್ಚುವುದಕ್ಕೆ ಎಲ್ಲಿ ಒತ್ತಬೇಕೆಂದು ನಿಮ್ಮ ಅವ್ವ ತೋರಿಸಿಕೊಟ್ಟಿದ್ದಳು. ಅವುಗಳಲ್ಲಿ ನನ್ನ ಕುರಿತು ಒಂದು ಮಾತೂ ಇಲ್ಲ. ಯಾರದೋ ಲಗ್ನ, ಯಾರದೋ ಮರಣ. "ಮುಂದಿನ ಸಾಲು", "ಇದು ದಪ್ಪ ಅಕ್ಷರ", "ಇಲ್ಲಿ ಕಲಶದ ಚಿತ್ರ ಬರತೈತಿ". ಕೊನೆಗೆ ಮಾತ್ರ ಪ್ರತಿಯೊಂದರಲ್ಲೂ, "ಆತು. ಸರಿ ಐತೇನು ನೋಡು." ಆ ಒಂದು ಮಾತು ನನಗೆ. ನಾನು ಗೂಡಿನ ಕಡೆ ಮುಖ ಮಾಡಿ "ಸರಿ ಐತ್ರಿ" ಅನ್ನುತ್ತಿದ್ದೆ. ಅಂದ ಮೇಲೆ ಆ ದಿನದ ಉಳಿದ ಕೆಲಸಕ್ಕೆ ಏಳುತ್ತಿದ್ದೆ.

ನಿಮ್ಮ ಅವ್ವ ಅವನ್ನೆಲ್ಲ ನನ್ನ ಮೊಬೈಲಿಗೆ ಹಾಕಿಕೊಡುತ್ತೇನೆಂದಳು. ನಾನೇ ಬೇಡವೆಂದೆ. ಮೊಬೈಲಿನಿಂದ ಬಂದರೆ ಅದು ಎಲ್ಲಿಂದಲೋ ಬಂದ ಫೋನಿನಂತೆ ಆಗುತ್ತದೆ. ಗೂಡಿನಿಂದ ಬಂದರೆ ಅವರು ಮುಂದಿನ ಕೋಣೆಯಲ್ಲಿ ಕುಳಿತಿದ್ದಾರೆ.

ಇನ್ನು ಆ ದಿನದ ಸುದ್ದಿ. ಬೇಸಿಗೆ ರಜೆ ಮುಗಿದು ನೀವು ಹಾವೇರಿಗೆ ಹೊರಟಿದ್ದಿರಿ. ಕಂಪ್ಯೂಟರು ತಿಂಗಳಿಂದ ಒಂದೇ ಸಮ ಏನೋ ಕೇಳುತ್ತಿತ್ತು, ಹಳೆಯದು ಇನ್ನು ನಡೆಯುವುದಿಲ್ಲ, ಹೊಸದು ಹಾಕಿಕೋ ಎಂದು. ಗುಂಡಣ್ಣ ಓದಿ ಹೇಳಿದ, ನನ್ನ ಒಪ್ಪಿಗೆ ಕೇಳಿದ, ಒತ್ತಿದ. ಪರದೆಯ ಮೇಲೆ ಒಂದು ಅಂಕಿ ನಿಧಾನವಾಗಿ ಏರತೊಡಗಿತು.

"ಆಯಿ, ಇದು ಭಾಳ ಹೊತ್ತು ಹಿಡೀತೈತಿ. ನೂರು ಅನ್ನೂತನಕ ಮುಟ್ಟಬ್ಯಾಡ. ಬಂದ್ ಅಂತೂ ಮಾಡಲೇಬ್ಯಾಡ."

"ನಾ ಯಾಕ ಮುಟ್ಟಲೋ? ನನಗೇನು ಹುಚ್ಚ ಹಿಡದೈತಿ?"

"ಹಂಗಲ್ಲ, ನೀ ಪದೇ ಪದೇ ಧೂಳ ವರಸ್ತಿ."

"ಇವತ್ತ ಧೂಳಾನೂ ವರಸಂಗಿಲ್ಲ, ಹೋಗು. ಬಸ್ ತಪ್ಪತೈತಿ."

ನೀವು ಓಣಿ ದಾಟಿ ಅರ್ಧ ತಾಸು ಆಗಿರಬೇಕು. ಎದುರು ಮನೆಯಲ್ಲಿ ಅಳು ಎದ್ದಿತು. ಹಾಸಿಗೆ ಹಿಡಿದಿದ್ದ ಎದುರುಮನೆಯ ಮುದುಕಿ ಹೋಗಿಬಿಟ್ಟಿದ್ದಳು.

ನಮ್ಮ ಓಣಿಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಓಣಿಯಲ್ಲಿ ಹೆಣ ಇರುವತನಕ ಯಾರ ಮನೆಯಲ್ಲೂ ಏನೂ ತಿರುಗಬಾರದು. ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ಬೀಸುಕಲ್ಲಿನ ಗೂಟ ತೆಗೆದಿಡುತ್ತಿದ್ದರು. ಆಮೇಲೆ ಫ್ಯಾನು ಬಂತು, ಮಿಕ್ಸರ್ ಬಂತು, ಅವೂ ಆ ಲೆಕ್ಕಕ್ಕೆ ಸೇರಿದವು. ಓಣಿಯ ತುದಿಯ ಹಿಟ್ಟಿನ ಗಿರಣಿಯವರು ಅರ್ಧ ಬೀಸಿದ ಜೋಳವನ್ನೂ ಹಾಗೇ ಬಿಟ್ಟು ಬೆಲ್ಟು ಕಳಚುತ್ತಾರೆ. ನಿಮ್ಮ ಅಜ್ಜ ಪಡಸಾಲೆಯಲ್ಲಿ ಕುಳಿತಿದ್ದ ದಿನ, ಅಂದರೆ ತೀರಿಕೊಂಡ ಅವರನ್ನು ನಾವು ಕೂರಿಸಿದ್ದ ದಿನ, ಓಣಿಗೆ ಓಣಿಯೇ ಹಾಗೆ ನಿಂತಿತ್ತು. ಅಷ್ಟು ಸುಮ್ಮನಿರುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಎದುರುಮನೆಯ ಆ ಮುದುಕಿ ಅವತ್ತು ತಾನೇ ಮನೆಮನೆಗೆ ಹೋಗಿ ಫ್ಯಾನು ಆರಿಸಿ ಬಂದಿದ್ದಳಂತೆ.

ನಾನು ಒಲೆ ಆರಿಸಿದೆ. ಫ್ಯಾನು ಆರಿಸಿದೆ. ಮೊಬೈಲು ಬಂದ್ ಮಾಡಿದೆ. ಆಗ ಮುಂದಿನ ಕೋಣೆಯಿಂದ ಸದ್ದು ಕೇಳಿತು. ಕಂಪ್ಯೂಟರಿನ ಪೆಟ್ಟಿಗೆಯೊಳಗಿನ ಸಣ್ಣ ಫ್ಯಾನು ಗುಂಯ್ ಎಂದು ತಿರುಗುತ್ತಿತ್ತು. ಬೇರೆ ದಿನಗಳಲ್ಲಿ ಅದು ಕಿವಿಗೆ ಬೀಳುವುದೇ ಇಲ್ಲ. ಅವತ್ತು ಓಣಿಯೆಲ್ಲ ನಿಂತಿದ್ದಾಗ ಅದೊಂದೇ ತಿರುಗುತ್ತಿತ್ತು. ಹೆಂಗಸರು ಗೋಡೆ ಹಿಡಿದು ಎದುರುಮನೆಗೆ ಹೋಗುತ್ತಿದ್ದರು. ಒಬ್ಬಾಕೆ ನಮ್ಮ ಕಿಟಕಿಯ ಕಡೆ ತಿರುಗಿ ನೋಡಿದಳು. ನಿಜವಾಗಿ ನೋಡಿದಳೋ, ನನಗೆ ಹಾಗೆ ಅನ್ನಿಸಿತೋ.

ಪರದೆಯಲ್ಲಿ ನಲವತ್ತೊಂದು ಎಂದಿತ್ತು. ಗುಂಡಣ್ಣನ ಮಾತು ನನಗೆ ಮರೆತಿರಲಿಲ್ಲ. ಬಹಳ ಹೊತ್ತು ನಿಂತೆ. ಅಂಕಿ ಏರಲಿಲ್ಲ. ಸದ್ದು ನಿಲ್ಲಲಿಲ್ಲ. ಕೊನೆಗೆ ಪಡಸಾಲೆಗೆ ಬಂದು ಮೀಟರಿನ ಕೆಳಗಿನ ಮೇನ್ ಸ್ವಿಚ್ ಇಳಿಸಿದೆ.

ಹೊತ್ತು ಮುಳುಗುವ ಮುನ್ನ ಮುದುಕಿಯನ್ನು ಮಣ್ಣು ಮಾಡಿ ಬಂದರು. ನಾನು ತಲೆಯ ಮೇಲೆ ನೀರು ಹಾಕಿಕೊಂಡು ಬಂದು ಸ್ವಿಚ್ ಏರಿಸಿದೆ. ಕಂಪ್ಯೂಟರು ಎದ್ದಿತು. ಚುಕ್ಕಿಗಳು ಗುಂಡಗೆ ಸುತ್ತಿದವು. ಪರದೆ ಕಪ್ಪಾಯಿತು. ಮತ್ತೆ ಎದ್ದಿತು, ಮತ್ತೆ ಚುಕ್ಕಿ, ಮತ್ತೆ ಕಪ್ಪು. ಯಾರೋ ಬಾಗಿಲವರೆಗೆ ಬಂದು, ಒಳಗೆ ಬರಲು ಮನಸ್ಸಾಗದೆ ತಿರುಗಿ ಹೋದಂತೆ. ಪ್ರತಿಸಲ ಎದ್ದಾಗಲೂ ಅಡುಗೆಮನೆಯ ಸ್ಪೀಕರು ಒಮ್ಮೆ ಚರ್ ಎನ್ನುತ್ತಿತ್ತು. ಅವರು ಓದುವ ಮೊದಲು ಮೈಕನ್ನು ಹತ್ತಿರ ಎಳೆದುಕೊಂಡಾಗ ಬರುತ್ತಿದ್ದುದೂ ಅದೇ ಸದ್ದು. ನಾನು ಗೂಡಿನ ಮುಂದೆ ನಿಂತು ಕಾಯುತ್ತಿದ್ದೆ. ಚರ್ ಎನ್ನುತ್ತಿತ್ತು, ಸುಮ್ಮನಾಗುತ್ತಿತ್ತು.

ನಿಮ್ಮ ಅವ್ವನಿಗೆ ಫೋನು ಮಾಡಿ "ಅದು ಶುರು ಆಗವಲ್ದು" ಎಂದಷ್ಟೇ ಹೇಳಿದೆ. ಹಿಂದಿನಿಂದ ಗುಂಡಣ್ಣನ ದನಿ ಕೇಳಿತು, "ನಾ ಏನ್ ತಪ್ಪು ಮಾಡಿದ್ನೆವ್ವಾ? ಸರಿಯಾಗೇ ಒತ್ತೀನಿ." ಆಗಲೇ ಹೇಳಬೇಕಿತ್ತು. ಫೋನಿಟ್ಟೆ.

ಐತವಾರ ನಿಮ್ಮ ಅವ್ವ ಬಂದು ಪೆಟ್ಟಿಗೆಯನ್ನು ಹಾವೇರಿಗೆ ಒಯ್ದಳು. ಅಲ್ಲಿ ಯಾವುದೋ ಅಂಗಡಿಯಲ್ಲಿ ಕೊಟ್ಟಳು. ಸಂಜೆ ಅಲ್ಲಿಂದಲೇ ಫೋನು ಮಾಡಿದಳು.

"ಅವ್ವಾ, ಚಿಂತಿ ಮಾಡಬ್ಯಾಡ. ಹೊಸಾದು ಹಾಕಾಕ ಚಾಲೂ ಮಾಡ್ಯಾರ. ಹೊಸಾ ಮಷೀನ್ ಆದಂಗ ಆಗತೈತಂತ."

"ಒಳಗಿಂದು?"

"ಒಳಗಿಂದು ಅಂದ್ರ?"

"ನಿಮ್ಮಪ್ಪಂದು."

ಅವಳು ಯಾರನ್ನೋ ಕೇಳಿದಳು. ಯಾರೋ ಏನೋ ಹೇಳಿದರು. "ಅದು ಹೋಗತೈತಂತವ್ವಾ. ಎಲ್ಲಾ ಅಳಿಸೇ ಹಾಕಬೇಕಂತ."

ನಾನು ಆ ತನಕ ನನ್ನ ಜೀವಮಾನದಲ್ಲಿ ಕೂಗಿದವಳಲ್ಲ. "ಬ್ಯಾಡಾ!" ಎಂದು ಕೂಗಿದ ಕೂಗಿಗೆ ಎದುರುಮನೆಯ ಸೊಸೆ ಹೊರಗೆ ಬಂದು ನಿಂತಳು. "ಏನಾತ್ರಿ ಅತ್ತೀ?" ಎಂದು ಕೇಳಿದಳು. ಏನೂ ಇಲ್ಲವೆಂದು ಕೈ ಮಾಡಿದೆ. ಹಾವೇರಿಯಲ್ಲಿ ಅವರು ಕೆಲಸ ನಡುವೆಯೇ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಎಷ್ಟು ಅಳಿಸಿ ಹೋಗಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ.

ರಾಣೇಬೆನ್ನೂರಿನಲ್ಲಿ ನಿಮ್ಮ ಅಜ್ಜನ ಹಳೆಯ ಗೆಳೆಯರೊಬ್ಬರಿದ್ದಾರೆ. ಸಾಬರು. ಮದುವೆಗೂ ಮುಂಚೆ ಇಬ್ಬರೂ ಒಂದೇ ಛಾಪಖಾನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು. ಅಜ್ಜ ಪತ್ರಿಕೆಯ ಕೆಲಸ ಹಿಡಿದರು, ಅವರು ಕಂಪ್ಯೂಟರು ರಿಪೇರಿ ಕಲಿತರು. ಫೋನು ಮಾಡಿ ಕೇಳಲು ನನಗೆ ಸಂಕೋಚ. ಹೋಗಿಬಿಟ್ಟರೆ ಮಾತು ತಾನಾಗಿ ಬರುತ್ತದೆ ಎಂದುಕೊಂಡು ನಿಮ್ಮ ಅವ್ವ ತಿರುಗಿ ತಂದಿಟ್ಟಿದ್ದ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ.

ಕಂಡಕ್ಟರು ಬಂದರು. "ಏನಬೇ ಯಮ್ಮಾ, ಬ್ಯಾಸಗ್ಯಾಗ ಅದಕ್ಕ ಕಂಬಳಿ ಹೊಚ್ಚೀದಿ? ಜ್ವರಾ ಬಂದಾವೇನು?"

ಹಿಂದಿನ ಸೀಟಿನ ಹೆಂಗಸರು ನಕ್ಕರು. ನಾನು ತಲೆ ತಗ್ಗಿಸಿದೆ.

"ಕಂಪ್ಯೂಟ್ರ ರೀ. ಕೆಟ್ಟೈತಿ."

"ಕೆಟ್ಟಿದ್ರ ಅರ್ಧಾ ಟಿಕೀಟ. ರಿಪೇರಿ ಆಗಿ ಬರುವಾಗ ಪೂರಾ ತಗೀತೀನಿ ನೋಡು ಮತ್ತ," ಎಂದು ಹೇಳಿ, ಪೆಟ್ಟಿಗೆಗೆ ಟಿಕೀಟು ಹರಿಯದೇ ಮುಂದೆ ಹೋದರು. ಮೋಟೆಬೆನ್ನೂರು ದಾಟಿ ದೊಡ್ಡ ರಸ್ತೆ ಹಿಡಿಯುವವರೆಗೆ ಬಸ್ಸು ಕುಣಿಯುತ್ತಿತ್ತು. ಪೆಟ್ಟಿಗೆಯೊಳಗೆ ಏನೋ ಸಡಿಲವಾದದ್ದು ಟಕ್ ಟಕ್ ಎನ್ನುತ್ತಿತ್ತು. ಪ್ರತಿ ಸದ್ದಿಗೂ ಒಂದೊಂದು ಓದು ಉದುರಿ ಬೀಳುತ್ತಿದೆ ಎಂದು ಎರಡೂ ಕೈಯಲ್ಲಿ ಅವಚಿಕೊಂಡೆ.

"ಅರೆ ವೈನಿ! ನೀವ್ಯಾಕ ಹೊತ್ಕೊಂಡು ಬಂದ್ರಿ? ಒಂದು ಫೋನ್ ಹಚ್ಚಿದ್ರ ನಾನ ಬರ್ತಿದ್ನಲ್ರಿ," ಎನ್ನುತ್ತ ಸಾಬರು ಎದ್ದು ಬಂದು ಪೆಟ್ಟಿಗೆ ಇಳಿಸಿಕೊಂಡರು. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ಬಂದು ನನ್ನ ಕೈಹಿಡಿದು ಒಳಗೆ ಕೂರಿಸಿದರು. ನಾನು ನಡೆದದ್ದನ್ನು ಅವರಿಬ್ಬರಿಗೂ ಹೇಳಿದೆ. ಮೇನ್ ಸ್ವಿಚ್ಚಿನ ಮಾತೂ ಹೇಳಿದೆ. ನನ್ನ ಸ್ವಂತ ಮಗಳಿಗೆ ಹೇಳದ್ದನ್ನು ಅಲ್ಲಿ ಹೇಳಿದೆ. ಯಾಕೆಂದು ಈಗಲೂ ತಿಳಿಯದು.

ಸಾಬರು ನಗಲಿಲ್ಲ. "ನಮ್ಮ ಮನ್ಯಾಗಾದ್ರೂ ಹಂಗ ಮಾಡ್ತಿದ್ವಿ ಬಿಡ್ರಿ," ಎಂದರು. ಪೆಟ್ಟಿಗೆ ಬಿಚ್ಚಿ, ಅಂಗೈಯಗಲದ ಒಂದು ಲೋಹದ ಹಲಗೆ ಹೊರತೆಗೆದು ತಮ್ಮ ಮಷೀನಿಗೆ ಸಿಕ್ಕಿಸಿದರು. "ಇದರಾಗ ಎಲ್ಲಾ ಇರತೈತ್ರಿ. ಅಳಿಸಿದ್ರ ಹೋಗಂಗಿಲ್ಲ. ಗೋಡಿ ಮ್ಯಾಲಿನ ಮನಿ ನಂಬರ್ ವರಸಿದ್ರ ಮನಿ ಬೀಳತೈತೇನ್ರಿ? ಪೋಸ್ಟ್‌ಮನ್‌ಗೆ ಸಿಗಂಗಿಲ್ಲ ಅಷ್ಟ. ಆ ಜಾಗಾದಾಗ ಇನ್ನೊಂದು ಮನಿ ಕಟ್ಟಿದ್ರ ಮಾತ್ರ ಹೋತು. ಹಾವೇರ್ಯಾಗ ಎಷ್ಟು ಕಟ್ಟ್ಯಾರೋ ನೋಡೂಣು."

ಹುಡುಕಲು ಹಚ್ಚಿಟ್ಟು, ಸಂಜೆಯವರೆಗೆ ಹಿಡಿಯುತ್ತದೆ ಎಂದರು. ನಾನು ಅವರ ಹೆಂಡತಿಯ ಜೊತೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತೆ.

"ನೋಡ್ರಿ ಅಕ್ಕಾರ, ಊರ ಮಂದಿ ಸತ್ತ ಮಷೀನೆಲ್ಲಾ ಎಬ್ಬಿಸಿ ಕೂಡಸ್ತಾರ. ಮನ್ಯಾಗ ನನ್ನ ಮಿಕ್ಸರ್ ಬಿದ್ದು ಆರು ತಿಂಗಳಾತು."

"ಅದು ಸತ್ತಿಲ್ಲ, ನಿನ್ನ ಬಾಯಿಗೆ ಹೆದರಿ ಮಲಗೈತಿ," ಎಂದು ಸಾಬರು ಹೊರಗಿನಿಂದಲೇ ಅಂದರು.

ಅವರು ಒಬ್ಬರಿಗೊಬ್ಬರು ಹಾಗೆ ಅನ್ನುವುದನ್ನು ಕೇಳುತ್ತ ನಾನು ಎಷ್ಟು ಬೆಳ್ಳುಳ್ಳಿ ಸುಲಿದೆನೋ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಕರೆದರು. ಪರದೆಯ ತುಂಬ ಹೆಸರಿಲ್ಲದ ಕಡತಗಳು, ಬರೀ ಅಂಕಿಗಳು. ಸಾಬರ ಮುಖದಲ್ಲಿ ಸಂತೋಷವಿತ್ತು. "ಬಂದಾವ್ರಿ ವೈನಿ. ದನಿ ಇದ್ದಾವು ಒಂದು ಕಂತಿ ಬಂದಾವು. ಕೇಳ್ರಿ," ಎಂದು ಮೊದಲನೆಯದನ್ನು ಹಚ್ಚಿದರು.

ಚರ್ ಎಂದಿತು. "ಶ್ರೀ ಗುರು ಬಸವಲಿಂಗಾಯ ನಮಃ. ಮುಂದಿನ ಸಾಲು. ನಮ್ಮ ಪೂಜ್ಯ ತಂದೆಯವರು..."

ಅವರೇ. ನನ್ನ ಕೈ ಸೆರಗಿಗೆ ಹೋಯಿತು. ಅಷ್ಟರಲ್ಲಿ ಕೆಮ್ಮು ಬಂತು. ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ಟಕ್ ಎಂದು ನಿಂತಿತು.

"ಇದ್ಯಾವುದೋ ಅರ್ಧಾ ಐತಿ," ಎಂದು ಸಾಬರು ಎರಡನೆಯದನ್ನು ಹಚ್ಚಿದರು. ಎರಡು ಸಾಲು ಓದು, ಕೆಮ್ಮು, ಟಕ್. ಮೂರನೆಯದು ಕೆಮ್ಮಿನಿಂದಲೇ ಸುರುವಾಯಿತು. ನಾಲ್ಕನೆಯದರಲ್ಲಿ ಓದೇ ಇರಲಿಲ್ಲ. ಕೆಮ್ಮಿ, ನೀರು ಕುಡಿದು, ಲೋಟ ಮೇಜಿನ ಮೇಲಿಟ್ಟ ಸದ್ದು, ಬಹಳ ಹೊತ್ತು ಉಸಿರು. ಅಷ್ಟೇ.

ಸಾಬರ ಕೈ ನಿಂತಿತು. ಅವರಿಗೆ ಅರ್ಥವಾಯಿತು. ನನಗೆ ಸ್ವಲ್ಪ ತಡವಾಗಿ ಅರ್ಥವಾಯಿತು. ಕೇಳಲು ಇಟ್ಟಿದ್ದ ಒಳ್ಳೆಯ ಓದುಗಳಿದ್ದ ಜಾಗದಲ್ಲಿ ಹಾವೇರಿಯಲ್ಲಿ ಹಾಕಿದ ಹೊಸದು ಬಹುಪಾಲು ಕುಳಿತುಬಿಟ್ಟಿತ್ತು. ಹೊಸದು ಮುಟ್ಟದೆ ಬಿಟ್ಟದ್ದು ನಿಮ್ಮ ಅಜ್ಜ ತಾವೇ ಅಳಿಸಿ ಬಿಸಾಡಿದ್ದವು.

"ಇವು ಅವ್ರ ತಗದು ಹಾಕಿದ್ದಾವು ಕಾಣ್ತಾವ್ರಿ," ಎಂದು ಮೆಲ್ಲಗೆ ಹೇಳಿದರು. "ಇನ್ನೂ ಕೇಳ್ತೀರೇನು?"

ಹೂಂ ಎಂದೆ.

ಅದರಲ್ಲಿ ಒಂಬತ್ತನೆಯದೋ ಹತ್ತನೆಯದೋ. "ಚಿರಂಜೀವಿ ಕುಂಕುಮ ಸೌಭಾಗ್ಯವತಿ" ಎಂದರು, ಕೆಮ್ಮಿದರು. ಆಗ ದೂರದಿಂದ ಪಾತ್ರೆಯ ಸದ್ದಿನ ನಡುವೆ ಒಬ್ಬಾಕೆಯ ದನಿ ಬಂತು. ಗಡಸು ದನಿ.

"ಊರಿಗೂರ ಕೆಮ್ಮತೈತಿ. ನಿಮಗೊಬ್ಬರಿಗೇ ಬಂದಂಗ ಮಾಡ್ತೀರಲ್ಲ! ಅಂಥಾದ್ದು ನನಗ ಹಚ್ಚಬ್ಯಾಡ್ರಿ, ಒಂದಕ್ಷರ ತಿಳಿಯಂಗಿಲ್ಲ. ಅಳಿಸಿ ಮತ್ತ ಓದ್ರಿ."

ಅವರು ಸ್ವಲ್ಪ ನಕ್ಕರು. ನಗುವಿನಲ್ಲಿಯೂ ಕೆಮ್ಮು ಇತ್ತು. "ಅಳಿಸ್ತೇನಿ ತಗೋ," ಎಂದರು. ಟಕ್.

ಯಾರೀಕೆ ಎಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ನಾನು ಮಾತಾಡದ ಹೆಂಗಸು ಎಂದು ಊರೆಲ್ಲ ಹೇಳುತ್ತದೆ, ನಾನೂ ನಂಬಿದ್ದೆ. ಗಿರಾಕಿ ಇಲ್ಲದಾಗ, ಹೊರಗಿನವರು ಯಾರೂ ಕೇಳದಾಗ, ಒಬ್ಬರ ಮುಂದೆ ಮಾತ್ರ ನನಗೆ ಇಂಥ ದನಿ ಇತ್ತು ಎಂಬುದು ನನಗೆ ನೆನಪಿರಲಿಲ್ಲ.

ಬ್ಯಾಡಗಿಯಲ್ಲಿ ಬಾಳದವರಿಗೆ ಇದು ತಿಳಿಯುವುದು ಕಷ್ಟ. ನಿಮಗೂ ಪೂರ್ತಿ ತಿಳಿಯಲಿಕ್ಕಿಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿ ಪೇಟೆ ತುಂಬಿದಾಗ ಗಾಳಿಯೇ ಖಾರವಾಗುತ್ತದೆ. ದೇವಸ್ಥಾನದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ ಎಲ್ಲರೂ ಕೆಮ್ಮುವವರೇ. ಹೊರಗಿನ ಬೀಗರು ಬಂದು ಮೂಗು ಮುಚ್ಚಿಕೊಂಡರೆ ನಾವು ನಗುತ್ತೇವೆ. ಕೆಮ್ಮಿಗೆ ಔಷಧ ಕೇಳುವುದೆಂದರೆ ಊರಿನವನಲ್ಲ ಎಂದು ಹೇಳಿಕೊಂಡಂತೆ. ಹಾಗಾಗಿ ನಿಮ್ಮ ಅಜ್ಜನ ಕೆಮ್ಮು ನನ್ನ ಲೆಕ್ಕದಲ್ಲಿ ಪೇಟೆಯ ಕೆಮ್ಮಾಗಿತ್ತು.

ಹುಬ್ಬಳ್ಳಿಯ ಆಸ್ಪತ್ರೆಗೆ ಹೋದಾಗ ಡಾಕ್ಟರು ಎಷ್ಟು ದಿನದಿಂದ ಎಂದು ಅವರನ್ನು ಕೇಳಿದರು. ಎಲ್ಲೂ ಬಾಯಿ ಬಿಡದ ನಾನು ಅಂದು ಮುಂದಾಗಿ ಹೇಳಿದೆ. "ಈ ಸುಗ್ಗೀಲಿಂದ ರೀ ಸಾಹೇಬ್ರ. ಎರಡು ತಿಂಗಳಾತು." ನಿಮ್ಮ ಅಜ್ಜ ನನ್ನ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ನಾನು ಹೇಳಿದ್ದನ್ನು ತಿದ್ದಲಿಲ್ಲ. ಡಾಕ್ಟರು ಎರಡು ತಿಂಗಳು ಎಂದೇ ಬರೆದುಕೊಂಡರು. ಆಮೇಲೆ ಎದೆಯ ಫೋಟೊ ತೆಗೆಸಿ ನೋಡಿ, ಎರಡು ತಿಂಗಳಿನದು ಹೀಗಿರುವುದಿಲ್ಲ ಎಂದರು. ನಾನು ಆಗಲೂ ಡಾಕ್ಟರೇ ತಪ್ಪು ಹೇಳುತ್ತಿದ್ದಾರೆ ಎಂದು ತಿಳಿದಿದ್ದೆ.

ಸಾಬರು ಎಲ್ಲ ಓದುಗಳನ್ನೂ ಒಂದು ಹೊಸ ಹಲಗೆಗೆ ತುಂಬಿ, ಕಂಪ್ಯೂಟರನ್ನು ಮತ್ತೆ ನಡೆಯುವಂತೆ ಮಾಡಿದರು. ಕೆಡದೆ ಪೂರ್ತಿಯಾಗಿ ಉಳಿದ ಒಳ್ಳೆಯ ಓದುಗಳು ಹದಿನೇಳು. ಅವನ್ನು ಬೇರೆ ಇಟ್ಟರು. ಉಳಿದವುಗಳನ್ನು ಪರದೆಯ ಮೇಲೆ ತೋರಿಸಿ ಕೇಳಿದರು.

"ವೈನಿ, ಇವು ಬ್ಯಾಡಾದ್ರ ತಗದುಬಿಡ್ತೀನ್ರಿ. ಕೇಳಿ ಕೇಳಿ ಸಂಕಟ ಯಾಕ? ನನ್ನ ದೋಸ್ತನೂ ಇವನ್ನ ನಿಮಗ ಕೇಳಿಸಬಾರದಂತ ತಗದಿದ್ದ."

"ಬ್ಯಾಡ್ರಿ ಅಣ್ಣಾರ. ಒಂದೂ ತಗೀಬ್ಯಾಡ್ರಿ."

ಅವರ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ಗಂಡನಿಗೆ ಉರ್ದುವಿನಲ್ಲಿ ಏನೋ ಹೇಳಿದರು. ಸಾಬರು ಮತ್ತೆ ಕೇಳಲಿಲ್ಲ. ನನ್ನನ್ನೂ ಪೆಟ್ಟಿಗೆಯನ್ನೂ ಬಸ್ಸಿನಲ್ಲಿ ಕೂರಿಸುವವರೆಗೆ ಇಬ್ಬರೂ ಜೊತೆಗಿದ್ದರು.

ಮನೆಗೆ ಬಂದು ನಾನು ಮಾಡಿದ ಕೆಲಸ ನಿಮಗೆ ವಿಚಿತ್ರವೆನಿಸಬಹುದು. ಅಳಿಸಿದವುಗಳಿಗೆ ಹೆಸರೂ ಇರಲಿಲ್ಲ, ತಾರೀಖೂ ಇರಲಿಲ್ಲ. ಆದರೆ ಪತ್ರಿಕೆ ಎಂದ ಮೇಲೆ ಅದರೊಳಗೇ ದಿನ ಇರುತ್ತದೆ. ಕೆಮ್ಮು ಬರುವ ಮೊದಲು ಅವರು ಮುಹೂರ್ತದವರೆಗೆ ಓದಿದ್ದರೆ, ಯಾವ ವರ್ಷ, ಯಾವ ಮಾಸ ಎಂದು ತಿಳಿಯುತ್ತದೆ. ದಿನವೂ ಬೆಳಿಗ್ಗೆ ಎರಡೆರಡು ಕೇಳಿ ಒಂದು ಹಾಳೆಯಲ್ಲಿ ಬರೆಯುತ್ತ ಹೋದೆ. ಯಾರದೋ ಮಗಳ ಲಗ್ನ, ಅದರಲ್ಲಿ ಕೆಮ್ಮು. ಯಾರದೋ ತಂದೆಯ ಶಿವಗಣಾರಾಧನೆ, ಅದರಲ್ಲಿ ಕೆಮ್ಮು. ಊರಿನವರ ಲಗ್ನ ಮರಣಗಳನ್ನು ಹಿಡಿದುಕೊಂಡು ನಾನು ನನ್ನ ಗಂಡನ ಕೆಮ್ಮಿನ ಹಿಂದೆ ಹಿಂದೆ ನಡೆದೆ.

ಒಂದು ಶ್ರಾವಣದ ಗೃಹಪ್ರವೇಶ ಸಿಕ್ಕಿತು. ಹುಬ್ಬಳ್ಳಿಗೆ ಹೋಗುವ ಮೊದಲಿನ ಶ್ರಾವಣವಲ್ಲ, ಅದರ ಹಿಂದಿನದು. ಹಿನ್ನೆಲೆಯಲ್ಲಿ ಮಳೆ ತಗಡಿನ ಮೇಲೆ ಬೀಳುವುದು ಕೇಳುತ್ತದೆ. ಶ್ರಾವಣದಲ್ಲಿ ಪೇಟೆ ಖಾಲಿ. ಗಾಳಿಯಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ. ಅಂಥ ತೊಳೆದ ಗಾಳಿಯಲ್ಲಿ ಕುಳಿತು ಅವರು ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ್ದಾರೆ. ಬಟ್ಟೆ ಒತ್ತಿಕೊಂಡಿದ್ದು ದನಿಯಲ್ಲೇ ತಿಳಿಯುತ್ತದೆ. ಗೋಡೆಯ ಈಚೆ ನಾನಿದ್ದೆ. ಅದೇ ದಿನ, ಅರ್ಧ ತಾಸಿನ ಆಮೇಲೆ, ಅದೇ ಪತ್ರಿಕೆಯನ್ನು ಶುದ್ಧವಾಗಿ ಓದಿ ನನಗೆ ಹಚ್ಚಿರಬೇಕು. "ಸರಿ ಐತೇನು ನೋಡು" ಎಂದಿರಬೇಕು. ಸರಿ ಐತಿ ಎಂದು ನಾನು ಹೇಳಿರಬೇಕು.

ಉಳಿದ ಹದಿನೇಳು ಒಳ್ಳೆಯ ಓದುಗಳನ್ನು ಈಗ ಮೊದಲಿನಂತೆ ಕೇಳಲು ಆಗುವುದಿಲ್ಲ. ಮೊದಲು ಅವುಗಳಲ್ಲಿ ಮಾತಷ್ಟೇ ಕೇಳುತ್ತಿತ್ತು. ಈಗ ಮಾತಿನ ನಡುವಿನ ಜಾಗ ಕೇಳುತ್ತದೆ. ಒಂದು ಸಾಲು ಮುಗಿದು ಇನ್ನೊಂದು ಸುರುವಾಗುವ ಮುನ್ನ ಅವರು ಉಸಿರು ಹಿಡಿದು ನಿಲ್ಲುತ್ತಾರೆ. ಮುಂದಿನ ಸಾಲನ್ನು ಒಂದೇ ಗುಕ್ಕಿನಲ್ಲಿ ಹೇಳಿ ಮತ್ತೆ ನಿಲ್ಲುತ್ತಾರೆ. ಇಷ್ಟು ವರ್ಷ ಅದನ್ನು ನಾನು ನಿಧಾನದ ಓದು ಎಂದು ಮೆಚ್ಚಿಕೊಂಡಿದ್ದೆ. ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದರೆ ಆ ಜಾಗ ಬಂದಾಗ ನನ್ನ ಕೈಯೂ ನಿಲ್ಲುತ್ತದೆ. ಕೆಮ್ಮು ಬರಲಿ, ಬಂದುಬಿಡಲಿ ಎಂದು ಕಾಯುತ್ತೇನೆ. ಬರುವುದಿಲ್ಲ.

ಕೆಲವು ದಿನ ಕಂಪ್ಯೂಟರು ಹಚ್ಚದೆಯೂ ಕೇಳುತ್ತದೆ. ಹೆದರಬೇಡಿರಿ. ನಿಮ್ಮ ಅವ್ವನಿಗೂ ಹೇಳಬೇಡಿರಿ, ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಸುಗ್ಗಿಯ ಪೇಟೆಯ ದಿನ ಓಣಿಯಲ್ಲಿ ಯಾರಾದರೂ ಕೆಮ್ಮುತ್ತ ಹೋದರೆ ನಾನು ಬಾಗಿಲಿಗೆ ಹೋಗಿ ನೋಡುತ್ತೇನೆ. ಮೊನ್ನೆ ಎದುರುಮನೆಯ ಸೊಸೆ ಕಟ್ಟೆಯ ಮೇಲೆ ಕುಳಿತು ಕೆಮ್ಮುತ್ತಿದ್ದಳು. "ಎಷ್ಟು ದಿನಾತವ್ವಾ?" ಎಂದು ಕೇಳಿದೆ. "ಮೆಣಸಿನಕಾಯಿ ಐತ್ರಿ ಅತ್ತೀ, ಏನಿಲ್ಲ" ಎಂದಳು. ಅವಳ ಎದುರಿಗೆ ಕುಳಿತು, ಓಣಿಯೆಲ್ಲ ಕೇಳುವಂತೆ ಜಗಳಾಡಿ, ಅವಳನ್ನು ದವಾಖಾನೆಗೆ ಕಳಿಸಿದೆ. "ಮುದುಕಿಗಿ ಏನಾಗೈತಿ? ಬಾಯಿ ಇದ್ದಿದ್ದಿಲ್ಲ, ಈಗ ಬಂದೈತಿ," ಎಂದು ಗಂಡನಿಗೆ ಹೇಳುತ್ತ ಹೋದಳಂತೆ. ಅವಳದು ಮೆಣಸಿನಕಾಯಿಯ ಕೆಮ್ಮೇ ಆಗಿತ್ತು. ಅಷ್ಟು ಹೇಳಿಸಿಕೊಂಡು ಬಂದದ್ದು ಒಳ್ಳೆಯದಾಯಿತು.

ನಿಮ್ಮ ಅವ್ವ ಈಗ ಎಲ್ಲ ದನಿಗಳನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿದ್ದಾಳೆ. ಒಳ್ಳೆಯವು ಬೇರೆ, ಅಳಿಸಿದವು ಬೇರೆ. ಮುಂದೆ ಯಾವತ್ತಾದರೂ ನೀವು ಅದನ್ನು ಹಚ್ಚಿದರೆ ಒಬ್ಬರು ಕೆಮ್ಮುತ್ತಾರೆ, ಒಬ್ಬಾಕೆ ಬಯ್ಯುತ್ತಾಳೆ, ಅಷ್ಟೇ ಕೇಳುತ್ತದೆ. ಜಾಗ ಸಾಲದೆಂದು ತೆಗೆದುಹಾಕಬೇಕೆನ್ನಿಸುತ್ತದೆ. ಬಯ್ಯುವವಳು ಯಾರು, ಯಾಕೆ ಬಯ್ದಳು, ಬಯ್ಯಿಸಿಕೊಂಡವರು ಯಾಕೆ ನಕ್ಕರು ಎಂಬುದು ಆ ಡ್ರೈವಿನಲ್ಲಿ ಎಲ್ಲಿಯೂ ಇಲ್ಲ. ಅದು ಇಲ್ಲಿ ಮಾತ್ರ ಇದೆ. ನನ್ನ ಅಕ್ಷರದಲ್ಲಿ ತಪ್ಪಿದ್ದರೂ ಇರಲಿ, ತಿದ್ದಬೇಡಿರಿ, ಮತ್ತೆ ಚೊಕ್ಕಟವಾಗಿ ಬರೆಯಲೂ ಬೇಡಿರಿ. ಡ್ರೈವಿನ ಜೊತೆಗೇ ಈ ಹಾಳೆಗಳನ್ನು ಮಡಿಸಿ, ನೀರು ಬೀಳದ ಕಡೆ, ಇಬ್ಬರೂ ಕೂಡಿ ಜೋಪಾನವಾಗಿ ಇಟ್ಟುಕೊಳ್ಳಿರಿ.